ಅಡ್ಡ ನಿಂತವನು

ಮಲಪ್ರಭೆಯ ದಂಡೆಯಲ್ಲಿ ಶರಣಮ್ಮನವರ ಆಶ್ರಮವಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ಬಂದವರು ಅವರು. ಶಿಷ್ಯರಿಬ್ಬರು, ಹಳಬ ಮಲ್ಲಿನಾಥ ಮತ್ತು ಹೊಸಬ ಇಂದುಧರ. ಇಬ್ಬರೂ ಅವರನ್ನು ಅವ್ವ ಎನ್ನುತ್ತಿದ್ದರು.

ಒಂದು ಮುಂಜಾನೆ ಅವ್ವ ಹೇಳಿದರು, “ಸಂಜೆ ಊರಿನವರಿಗೆ ಇಂದುಧರ ಪಾಠ ಹೇಳಲಿ. ಕಣವೂ ಅದರ ವಿರುದ್ಧ ಜೋಡಿಯಾದ ಪ್ರತಿಕಣವೂ ಕೂಡಿ ಇಲ್ಲವಾದಾಗ ಹುಟ್ಟುವ ಬೆಳಕಿನ ಪಾಠ.”

ಮಲ್ಲಿನಾಥನ ಹೊಟ್ಟೆ ಉರಿಯಿತು. ಆ ಬೆಳಕು ಎಲ್ಲಿಗೆ ಹೋಗುತ್ತದೆ ಎಂದು ಅವನೇ ಹಿಂದೊಮ್ಮೆ ಕೇಳಿದ್ದ. ಅವ್ವ ನಕ್ಕು ಸುಮ್ಮನಾಗಿದ್ದರು. ಈಗ ನಿನ್ನೆ ಮೊನ್ನೆ ಬಂದವನಿಗೆ ಉತ್ತರ ಕೊಟ್ಟಿದ್ದಾರೆ!

ಮಧ್ಯಾಹ್ನ ಅವನು ಹೊಳೆ ದಾಟಿ ಊರಿಗೆ ಹೋದ. “ಇವತ್ತು ಪಾಠ ಇಲ್ಲ” ಎಂದು ಎಲ್ಲರಿಗೂ ಹೇಳಿ ಬಂದ.

ಸಂಜೆ ಯಾರೂ ಬರಲಿಲ್ಲ. ಇಂದುಧರ ಚಾಪೆ ಹಾಸಿ ದಾರಿ ನೋಡುತ್ತಾ ಕೂತಿದ್ದ. ಮಲ್ಲಿನಾಥ ಗೋಡೆಯ ಮರೆಯಿಂದ ಅದನ್ನೇ ನೋಡಿದ. ಅಂದುಕೊಂಡಷ್ಟು ಖುಷಿಯಾಗಲಿಲ್ಲ.

ಅವ್ವ ಹೊರಗೆ ಬಂದರು. ಖಾಲಿ ಚಾಪೆ ನೋಡಿದರು, ಮಲ್ಲಿನಾಥನ ಮುಖ ನೋಡಿದರು.

“ನೀನು ಹೋಗಿ ಕೂತುಕೋ.”

ಕೂತ. ಇಂದುಧರ ಪಾಠ ಶುರು ಮಾಡಿದ.

“ಎರಡೂ ಇಲ್ಲವಾಗುತ್ತವೆ ಅಣ್ಣಾ. ಆದರೆ ಅವುಗಳಲ್ಲಿದ್ದ ಶಕ್ತಿ ಎಲ್ಲೂ ಹೋಗುವುದಿಲ್ಲ. ಫೋಟಾನು ಎಂಬ ಎರಡು ಬೆಳಕಿನ ಕಣಗಳಾಗಿ ಒಂದು ಆಚೆಗೆ, ಒಂದು ಈಚೆಗೆ ಓಡುತ್ತದೆ.”

“ಅದರಲ್ಲಿ ಯಾವುದು ಹೆಚ್ಚು?”

“ಎರಡೂ ಸಮ.”

“ಎಲ್ಲಿಯವರೆಗೆ ಓಡುತ್ತವೆ?”

“ಏನೂ ಅಡ್ಡ ಬರದಿದ್ದರೆ ಓಡುತ್ತಲೇ ಇರುತ್ತವೆ. ಅಡ್ಡ ಬಂದರೆ ಅದರೊಳಗೇ ಕರಗಿ ಅದನ್ನು ಬಿಸಿ ಮಾಡುತ್ತವೆ. ಬಿಸಿಯಾದದ್ದು ಸುತ್ತಲಿನದಕ್ಕೂ ಆ ಬಿಸಿ ಹಂಚುತ್ತದೆ.”

ಮಲ್ಲಿನಾಥ ತಡೆಯಲಾರದೆ ಕೇಳಿದ, “ಇದನ್ನೆಲ್ಲ ಅವ್ವ ನಿನಗೆ ಹೇಳಿದರಾ?”

“ಇಲ್ಲಣ್ಣಾ. ‘ಮಲ್ಲಿನಾಥ ಒಳ್ಳೇ ಪ್ರಶ್ನೆ ಕೇಳಿದ್ದಾನೆ, ನೀನೂ ಹುಡುಕು’ ಅಂದರು ಅಷ್ಟೇ. ನಿಮ್ಮ ಪ್ರಶ್ನೆ ಹಿಡಿದುಕೊಂಡೇ ಓದಿದೆ.”

ಮಲ್ಲಿನಾಥ ಪಾಠ ಮುಗಿದ ಮೇಲೆ ಅವ್ವನ ಮುಂದೆ ಹೋಗಿ ನಿಂತ.

“ಅವ್ವಾ, ಊರಿನವರನ್ನು ತಡೆದವನು ನಾನೇ.”

“ಗೊತ್ತು. ಪಾಠ ಯಾರು ಕೇಳಿದರು?”

“ನಾನೊಬ್ಬನೇ.”

“ನಾಳೆ ಊರಿಗೆ ಹೋಗು.”

“ಪಾಠ ಇದೆ ಎಂದು ಹೇಳಿ ಬರಲಾ?”

“ಅಲ್ಲ. ಪಾಠವನ್ನೇ ಹೇಳಿ ಬಾ.”