ಮೂರನೆಯ ಮಗಳಿಗೆ ಹೆಸರು

ತುಂಗಭದ್ರೆಯ ದಡದಲ್ಲಿ ಅಡವಯ್ಯ ಗುರುಗಳ ಆಶ್ರಮ. ಎದುರು ದಡದ ಊರಿನ ಮೈಲಾರಿ ಅವರ ಶಿಷ್ಯ. ದಿನವೂ ಹರಿಗೋಲಿನಲ್ಲಿ ಹೊಳೆ ದಾಟಿ ಪಾಠಕ್ಕೆ ಬರುತ್ತಿದ್ದ.

ಅಂದು ಅವನು ಹರಿಗೋಲಿಗೆ ಕಾಯಲೇ ಇಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಡೆದೇ ಬಂದುಬಿಟ್ಟ.

“ಗುರುಗಳೇ, ಸಿಕ್ಕಿತು! ನಾಳೆ ಮಗಳ ಹೆಸರಿಡುವ ದಿನ. ಹನ್ನೊಂದು ದಿನ ನಿದ್ದೆ ಮಾಡದೆ ಹುಡುಕಿದ್ದೇನೆ.”

“ಎಲ್ಲಿ ಹುಡುಕಿದೆ?”

“ಪುರಾಣ ಬಿಡಲಿಲ್ಲ, ಕಾವ್ಯ ಬಿಡಲಿಲ್ಲ, ರಾಜರ ಚರಿತ್ರೆ ಬಿಡಲಿಲ್ಲ. ಕೊನೆಗೆ ಎರಡು ಉಳಿದವು.”

“ಹೇಳು.”

“ಗಾರ್ಗಿ! ರಾಜಸಭೆಯಲ್ಲಿ ಎದ್ದು ನಿಂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದವಳು.”

“ಇನ್ನೊಂದು?”

“ಅಬ್ಬಕ್ಕ! ಪರಂಗಿಯವರ ಹಡಗುಗಳನ್ನು ಎದುರಿಸಿ ನಿಂತ ಉಳ್ಳಾಲದ ರಾಣಿ. ಎರಡರಲ್ಲಿ ಯಾವುದು? ನೀವೇ ಹೇಳಬೇಕು.”

ಗುರುಗಳು ಅವನ ಒದ್ದೆ ಪಂಚೆ ನೋಡಿ ನಕ್ಕರು.

“ಇಷ್ಟು ಅವಸರ ಯಾಕೋ? ಮನೆಯಲ್ಲಿ ಬೇರೆ ಹೆಸರು ಆಗಲೇ ಗೊತ್ತು ಮಾಡಿದ್ದಾರೇನು?”

ಮೈಲಾರಿಯ ಮುಖ ಇಳಿಯಿತು.

“ಅವ್ವ ಸಾಕವ್ವ ಅಂತ ಇಡಬೇಕು ಅಂತಾಳೆ. ನನಗೆ ಮೂರೂ ಹೆಣ್ಣು. ಸಾಕು ಅಂತ ಹೆಸರಿಟ್ಟರೆ ಮುಂದಿನದು ಗಂಡಾಗುತ್ತದಂತೆ.”

“ನೀನು ಏನಂದೆ?”

“ಏನನ್ನಲಿ? ಹಾಗೆ ಹೆಸರಿಟ್ಟ ಮೇಲೇ ನೀನು ಹುಟ್ಟಿದ್ದು ಅಂತಾಳೆ.”

ಗುರುಗಳು ಕೇಳಿದರು, “ನಾಳೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವವರು ಯಾರು?”

“ಸೋದರತ್ತೆ. ನನ್ನ ಅಕ್ಕ.”

“ಅವಳ ಹೆಸರು?”

ಮೈಲಾರಿ ಮೆಲ್ಲಗೆ ಹೇಳಿದ, “ಸಾಕವ್ವ.”

“ಅವಳನ್ನು ಕೇಳಿದೆಯಾ?”

“ಇಲ್ಲ ಗುರುಗಳೇ.”

ಗುರುಗಳು ಎದ್ದು ಬಂದು ಅವನ ಎರಡೂ ಭುಜ ಹಿಡಿದು ಹೊಳೆಯ ಕಡೆಗೆ ತಿರುಗಿಸಿದರು. ಬೆನ್ನ ಮೇಲೆ ಒಂದು ಏಟು ಕೊಟ್ಟು, “ಓಡು” ಎಂದರು.

ಅವನು ಓಡಿದ.

ಅಕ್ಕ ಹಿತ್ತಲಲ್ಲಿ ಕೂತು ನಾಳೆಯ ಗುಗ್ಗರಿಗೆ ಕಡಲೆ ಆರಿಸುತ್ತಿದ್ದಳು. ಮೈಲಾರಿ ಏದುಸಿರು ಬಿಡುತ್ತ ಎರಡೂ ಹೆಸರು ಹೇಳಿದ, ಎರಡೂ ಕಥೆ ಹೇಳಿದ.

“ಯಾವುದು ಇಡೋಣ ಅಕ್ಕಾ? ನೀನೇ ಆರಿಸು.”

ಅವಳ ಕೈ ಮೊರದ ಮೇಲೆ ನಿಂತಿತು.

“ನಾನೇ?”

“ಹೂಂ, ನೀನೇ.”

ಅವಳು ಎರಡು ಹೆಸರನ್ನೂ ಬಾಯಲ್ಲೇ ಹೇಳಿಕೊಂಡಳು. ಹೊಸ ಬಳೆ ತೊಟ್ಟು ಕೈ ತಿರುಗಿಸಿ ನೋಡುವವರ ಹಾಗೆ ಮತ್ತೆ ಮತ್ತೆ ಹೇಳಿಕೊಂಡಳು.

“ಕೂಸಿಗೆ ಅಬ್ಬಕ್ಕ ಇರಲಿ. ನಿನ್ನೆ ಸ್ನಾನ ಮಾಡಿಸುವಾಗ ನನ್ನ ಮೂಗಿಗೇ ಒದ್ದಳು!”

ಇಬ್ಬರೂ ನಕ್ಕರು. ಅವಳು ನಗು ನಿಲ್ಲಿಸಿ ಕೇಳಿದಳು, “ತಮ್ಮಾ, ಆ ಇನ್ನೊಂದು ಹೆಸರು ಯಾರಿಗೂ ಬೇಡವಾ?”

“ಯಾಕೆ?”

“ಬೇಡವಾದರೆ ನನಗೆ ಕೊಡು. ನನಗೂ ಕೇಳೋದು ಬಹಳ ಇದೆ.”

ಮರುದಿನ ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ಅಕ್ಕ ಬಗ್ಗಿದಳು. ಹೆಸರು ಹೇಳಿದ ಸೋದರತ್ತೆಯ ಬೆನ್ನು ಗುದ್ದುವುದು ವಾಡಿಕೆ; ಎಲ್ಲರೂ ಕೈ ಎತ್ತಿ ನಿಂತರು. ಕಿವಿಯಲ್ಲಿ ಪಿಸುಗುಟ್ಟಬೇಕಾದವಳು ಓಣಿಗೆಲ್ಲ ಕೇಳುವಂತೆ ಕೂಗಿದಳು, “ಅಬ್ಬಕ್ಕಾ!”

ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಮೈಲಾರಿಯ ತಾಯಿ ಕೆಂಡವಾದಳು.

“ಏನೇ ಸಾಕವ್ವಾ, ನಾನು ಹೇಳಿದ್ದೇನು, ನೀನು ಕೂಗಿದ್ದೇನು?”

“ಅವ್ವಾ, ನಾನು ಹುಟ್ಟಿದಾಗ ನಿನಗೆ ಏನು ಸಾಕಾಗಿತ್ತು?”

ತಾಯಿ ಸೆರಗು ಕೊಡವಿ ಒಳಗೆ ಹೋದಳು. ಬಾಣಂತಿ ಹಾಲವ್ವ ಮಾತ್ರ ಕಣ್ಣು ಒರೆಸಿಕೊಳ್ಳುತ್ತ, “ಯಾಕೆ ಸುಮ್ಮನೆ ನಿಂತಿರಿ? ಗುದ್ದಿರಿ!” ಎಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕು ಸೋದರತ್ತೆಯ ಬೆನ್ನಿಗೆ ದಬದಬ ಗುದ್ದಿದರು.

ತಿಂಗಳುಗಳು ಕಳೆದವು. ಮಗು ಅಂಬೆಗಾಲಿಡತೊಡಗಿತು. ಒಂದು ಬೆಳಿಗ್ಗೆ ಮೈಲಾರಿ ಪಾಠಕ್ಕೆ ಬಂದವನು ಪುಸ್ತಕ ಬಿಚ್ಚದೆ ಕೂತ.

“ಏನಾಯಿತು?” ಎಂದರು ಗುರುಗಳು.

“ಅವ್ವ ಸೋಲುವುದಿಲ್ಲ ಗುರುಗಳೇ. ಈಗಲೂ ಸಾಕವ್ವ ಅಂತಲೇ ಕೂಗುತ್ತಾಳೆ. ಮಗುವನ್ನೂ ಹಾಗೇ, ಅಕ್ಕನನ್ನೂ ಹಾಗೇ.”

“ಮಗು ತಿರುಗಿ ನೋಡುತ್ತದೆಯೇ?”

“ಇಲ್ಲ. ಅಬ್ಬಕ್ಕಾ ಅಂದರೆ ಮಾತ್ರ ಎಲ್ಲಿದ್ದರೂ ತೆವಳಿಕೊಂಡು ಬರುತ್ತದೆ.”

“ನಿನ್ನ ಅಕ್ಕ?”

“ಗಾರ್ಗಿ ಅಂದರೆ ಹಿತ್ತಲಿಂದಲೇ ಓ ಅನ್ನುತ್ತಾಳೆ. ಸಾಕವ್ವ ಅಂದರೆ ಅವಳಿಗೆ ಕೇಳಿಸುವುದೇ ಇಲ್ಲ.”

ಗುರುಗಳು ಗಟ್ಟಿಯಾಗಿ ನಕ್ಕರು. ದಡದಲ್ಲಿ ಕೂತಿದ್ದ ಕೊಕ್ಕರೆಗಳು ಹಾರಿದವು.

“ಹೋಗಿ ನಿಮ್ಮ ಅವ್ವನಿಗೆ ಹೇಳು ಮೈಲಾರಿ, ಆ ಹೆಸರಿನವರು ನಿಮ್ಮ ಮನೆಯಲ್ಲಿ ಯಾರೂ ಇಲ್ಲ.”