ಶರಭನಿಗೆ ಫ್ಲ್ಯಾಷ್ ಬೇಕೋ ಬೇಡವೋ

ನದಿ ದಡದಲ್ಲಿ ಒಂದು ಹೆಂಚಿನ ಮನೆ. ಅದನ್ನು ಆಶ್ರಮ ಎನ್ನುತ್ತಿದ್ದವರು ಇಬ್ಬರೇ, ಅಲ್ಲಿದ್ದ ಇಬ್ಬರು ಶಿಷ್ಯರು. ಗುರುಗಳಾದ ರೇವಣಯ್ಯನವರು ಮನೆ ಎಂದೇ ಕರೆಯುತ್ತಿದ್ದರು.

ಅಲ್ಲಿ ಕಲಿಸುತ್ತಿದ್ದುದು ವೇದಾಂತವಲ್ಲ, ಕ್ಯಾಮೆರಾ.

ಹಿರಿಯ ಶಿಷ್ಯ ಶರಭ. ಬಂದು ಎಂಟು ತಿಂಗಳಾಗಿತ್ತು. ಕೇಳಿದವರಿಗೆ ಒಂದು ವರ್ಷ ಎನ್ನುತ್ತಿದ್ದ. ಕಿರಿಯವನು ಮೈಲಾರಿ. ಬಂದು ನಾಲ್ಕು ತಿಂಗಳು. ಶರಭನ ಬಾಯಲ್ಲಿ ಅದು ಎರಡೇ.

ಆ ಮನೆಗೊಂದು ಪದ್ಧತಿಯಿತ್ತು. ಗುರುವಾದವರು ಜೀವಮಾನದಲ್ಲಿ ಒಂದೇ ಒಂದು ಸಲ, ಎಪ್ಪತ್ತು ತುಂಬಿದ ದಿನ, ಕ್ಯಾಮೆರಾದ ಮುಂದೆ ಕೂರಬೇಕು. ಆಗ ಇರುವ ಶಿಷ್ಯರಲ್ಲಿ ಒಬ್ಬ ಫೋಟೋ ತೆಗೆಯಬೇಕು. ಅದು ಗೋಡೆಗೆ ಏರಬೇಕು, ಕೆಳಗೆ ತೆಗೆದವನ ಹೆಸರಿರಬೇಕು.

ಗೋಡೆಯ ಮೇಲೆ ಆಗಲೇ ಒಂದು ಫೋಟೋ ಇತ್ತು, ರೇವಣಯ್ಯನವರ ಗುರುಗಳದು. ಕೆಳಗೆ ಮಾತ್ರ ರೇವಣಯ್ಯನವರ ಹೆಸರಿರಲಿಲ್ಲ. ಅವರ ಜೊತೆ ಕಲಿತ ಹಾಲಪ್ಪನ ಹೆಸರಿತ್ತು.

ಆ ಕಾಲಕ್ಕೆ ನಮ್ಮ ಗುರುಗಳಿಗೆ ಅಷ್ಟು ಕೈ ಕುದುರಿರಲಿಲ್ಲ ಎಂದು ಶರಭ ತೀರ್ಮಾನಿಸಿದ್ದ. ಪರಮ ಗುಟ್ಟು ಎಂದು ಮೈಲಾರಿಯ ಕಿವಿಯಲ್ಲಿ ಮೂರು ಸಲ ಹೇಳಿಯೂ ಇದ್ದ.

ಸೋಮವಾರ ಗುರುಗಳಿಗೆ ಎಪ್ಪತ್ತು. ತೆಗೆಯುವವನು ತಾನೇ ಎಂಬುದರಲ್ಲಿ ಶರಭನಿಗೆ ಅನುಮಾನವಿರಲಿಲ್ಲ. ಯಾವ ಬಣ್ಣದಲ್ಲಿ ಹೆಸರು ಬರೆಸಬೇಕು ಎನ್ನುವವರೆಗೆ ಯೋಚನೆ ಮುಂದುವರಿದಿತ್ತು.

ಅಷ್ಟರಲ್ಲಿ ಮೈಲಾರಿಗೆ ಅವನ ಸೋದರಮಾವ ಒಂದು ಫ್ಲ್ಯಾಷ್ ಕೊಟ್ಟ.

ಅದು ಕ್ಯಾಮೆರಾದ ನೆತ್ತಿಯ ಮೇಲೆ ಹುಂಜದ ಜುಟ್ಟಿನ ಹಾಗೆ ಕೂತಿತು. ಒತ್ತಿದರೆ ಪಳಕ್ಕೆನ್ನುವುದು. ನದಿಗೆ ಬಟ್ಟೆ ಒಗೆಯಲು ಬಂದ ಹೆಂಗಸರು ಸೆರಗು ಸರಿಮಾಡಿಕೊಂಡು ಮೈಲಾರಿಯ ಮುಂದೆ ನಿಂತರು. ಒಂದು ಎಮ್ಮೆಯೂ ನಿಂತಿತಂತೆ. ಅದನ್ನು ಕಂಡವನು ಶರಭ ಒಬ್ಬನೇ, ಆದ್ದರಿಂದ ಎಷ್ಟು ನಂಬಬೇಕೋ ಅಷ್ಟು ನಂಬಿ.

ಅವತ್ತು ಶರಭ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ಬೆಳಿಗ್ಗೆ ಗುರುಗಳು ನದಿಯ ಮೆಟ್ಟಿಲ ಮೇಲೆ ಕೂತು ಪಂಚೆ ಒಗೆಯುತ್ತಿದ್ದರು. ಅವರ ಬಲಗೈ ಹೆಬ್ಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡದ್ದು. ಒಗೆಯುವಾಗ ಅದೊಂದು ಹೊರಗೆ ಚಾಚಿಕೊಂಡಿರುತ್ತಿತ್ತು.

"ಗುರುಗಳೇ, ಹೊಸದಾಗಿ ಕಲಿಯೋನಿಗೆ ಫ್ಲ್ಯಾಷ್ ಬೇಕೋ ಬೇಡವೋ?" ಎಂದು ಶರಭ ಕೇಳಿದ.

"ಯಾರಿಗೆ?"

"ಯಾರಿಗೂ ಇಲ್ಲ. ಸುಮ್ಮನೆ ಕೇಳಿದೆ."

"ಹೋದ ವಾರ ಇದನ್ನು ಸುಮ್ಮನೆಯೂ ಕೇಳಿರಲಿಲ್ಲವಲ್ಲ ನೀನು."

ಶರಭ ಕಾರಣಗಳನ್ನು ಒಂದೊಂದಾಗಿ ಬಿಚ್ಚಿದ. ಒಳಮನೆ ಕತ್ತಲು. ಕಲ್ಯಾಣ ಮಂಟಪಗಳು ಇನ್ನೂ ಕತ್ತಲು. ಫ್ಲ್ಯಾಷ್ ಇಲ್ಲದವನನ್ನು ಈ ಕಾಲದಲ್ಲಿ ಫೋಟೋಗ್ರಾಫರ್ ಎಂದು ಯಾರೂ ಎಣಿಸುವುದೇ ಇಲ್ಲ.

ಗುರುಗಳು ಎಲ್ಲ ಕೇಳಿಸಿಕೊಂಡರು. ಪಂಚೆಯ ಒಂದು ತುದಿ ಅವನ ಕೈಗೆ ಕೊಟ್ಟರು.

"ಹಿಡಿ. ಹಿಂಡೋಣ."

ಉತ್ತರ ಅಷ್ಟೇ.

ಭಾನುವಾರ ಊಟಕ್ಕೆ ಕೂತಾಗ ಗುರುಗಳು, ನಾಳೆ ಮೈಲಾರಿ ತೆಗೆಯಲಿ ಎಂದರು. ಮಜ್ಜಿಗೆ ಬಡಿಸು ಎನ್ನುವಷ್ಟೇ ಸಲೀಸಾಗಿ ಅಂದರು.

ಶರಭ ತಲೆ ಎತ್ತಲಿಲ್ಲ. ಒಳ್ಳೆಯದೇ ಆಯಿತು ಎಂದ. ಆ ಮಾತು ಅವನ ಕಿವಿಗೇ ಬೇರೆ ಯಾರೋ ಆಡಿದ ಹಾಗೆ ಕೇಳಿಸಿತು.

ಫ್ಲ್ಯಾಷ್ ಕಂಡೇ ಗುರುಗಳು ಮರುಳಾದರು, ಇನ್ನೇನು ಎಂದುಕೊಂಡ. ಆಮೇಲೆ ಮೈಲಾರಿ ಸ್ನಾನಕ್ಕೆ ಹೋದಾಗ ಫ್ಲ್ಯಾಷಿನ ಮುಚ್ಚಳ ತೆಗೆದು, ಒಳಗಿದ್ದ ನಾಲ್ಕು ಸೆಲ್ಲುಗಳನ್ನು ತನ್ನ ಅಂಗಿಯ ಪಕ್ಕದ ಜೇಬಿಗೆ ಇಳಿಬಿಟ್ಟ. ಕಳ್ಳತನವಲ್ಲ, ಸಾಮಾನನ್ನು ಬೇರೆ ಕಡೆ ಇಟ್ಟದ್ದು ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡ.

ಸೋಮವಾರ ಬಿಸಿಲು ಏರುವ ಮುಂಚೆ ಗುರುಗಳು ಜಗಲಿಯ ಮೇಲೆ ಕೂತರು. ನದಿಯ ಕಡೆಯಿಂದ ಬಲಗೆನ್ನೆಗೆ ಬೆಳಕು. ಎಡಗೆನ್ನೆ ಕತ್ತಲು.

ಮೈಲಾರಿ ಮೊದಲು ಫ್ಲ್ಯಾಷಿನ ಗುಂಡಿ ಒತ್ತಿದ. ಫ್ಲ್ಯಾಷ್ ಸುಮ್ಮನಿತ್ತು. ಮತ್ತೆ ಒತ್ತಿದ. ಮುಚ್ಚಳ ತೆಗೆದು ನೋಡಿದ.

"ಶರಭಣ್ಣ, ಸೆಲ್ಲೇ ಇಲ್ಲ. ನಿನ್ನೆ ನಾನೇ ಕೈಯಾರೆ ಹಾಕಿದ್ದೆ."

ಶರಭ ಲೊಚಗುಟ್ಟಿದ. ಪಾಪ, ಹೀಗಾಗಬಾರದಿತ್ತು ಎಂದ. ತನ್ನ ಕ್ಯಾಮೆರಾ ಸಿದ್ಧವಿದೆ, ಬೇಕಾದರೆ ತಾನೇ ತೆಗೆಯಬಹುದು ಎಂದೂ ಸೇರಿಸಿದ.

ಗುರುಗಳು ಹಗ್ಗದ ಮೇಲೆ ಒಣಗಿದ್ದ ಪಂಚೆಯ ಕಡೆ ನೋಡಿದರು.

"ಶರಭ, ಅದನ್ನು ತಂದು ನನ್ನ ಎಡಕ್ಕೆ ಬಿಡಿಸಿ ಹಿಡಿ."

ಮೈಲಾರಿಯ ಫೋಟೋಗೆ ತಾನು ಬಟ್ಟೆ ಹಿಡಿಯಬೇಕೆ? ಶರಭ ಪಂಚೆಯನ್ನು ಹಗ್ಗದಿಂದ ಬೇಕೆಂತಲೇ ನಿಧಾನವಾಗಿ ಎಳೆದ. ಆದರೂ ಹೋಗಿ ಹಿಡಿದ. ಗುರುಗಳ ಮಾತು.

ಎರಡೂ ಕೈ ಮೇಲೆತ್ತಿದ ಕೂಡಲೇ ಅಂಗಿ ಮೇಲೆ ಜಗ್ಗಿತು, ಜೇಬಿನೊಳಗೆ ಸೆಲ್ಲುಗಳು ಕಿಣಿ ಎಂದವು. ಅವನು ಗಾಬರಿಯಾಗಿ ಒಂದು ಕೈ ಇಳಿಸಿ ಜೇಬನ್ನು ಅದುಮಿಕೊಂಡ.

ಪಂಚೆ ಒಂದು ಕಡೆ ಜೋತುಬಿತ್ತು.

"ಅಣ್ಣ, ಇನ್ನೂ ಅರ್ಧ ಮುಖ ಕತ್ತಲು," ಎಂದ ಮೈಲಾರಿ.

ಶರಭ ಗುರುಗಳ ಮುಖ ನೋಡಿದ. ಎಂಟು ತಿಂಗಳಲ್ಲಿ ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಪಂಚೆ ಬಿಡಿಸಿಕೊಂಡಿದ್ದ ಕಡೆ ನದಿಯ ಬೆಳಕು ಅದಕ್ಕೆ ಬಡಿದು, ತಿರುಗಿ, ಗುರುಗಳ ಹಣೆಗೆ ಹಾಲು ಹಚ್ಚಿದಂತೆ ಕೂತಿತ್ತು. ಹಣೆಯಿಂದ ಕೆಳಗೆ ಬಂದಿರಲಿಲ್ಲ. ಎಡಬದಿಯ ಕಣ್ಣು, ಕೆನ್ನೆ, ಗದ್ದದ ಬಿಳಿ ಕೂದಲು, ಎಲ್ಲ ಕತ್ತಲಲ್ಲೇ ಕಾಯುತ್ತಿದ್ದವು.

ಎಲ್ಲಿಯವರೆಗೆ ಬೆಳಕು ಹೋಗಬೇಕು ಎಂಬುದು ಶರಭನ ಇನ್ನೊಂದು ಕೈಯಲ್ಲಿತ್ತು.

ಎತ್ತಿದರೆ ಸದ್ದಾಗುತ್ತದೆ. ಎತ್ತದಿದ್ದರೆ ಈ ಮುಖ ಇನ್ನೊಂದು ಸಲ ಕ್ಯಾಮೆರಾದ ಮುಂದೆ ಬರುವುದಿಲ್ಲ.

ಮೈಲಾರಿ ಕಾದ. ಗುರುಗಳು ಅವಸರ ಮಾಡಲಿಲ್ಲ. ನದಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಬಂತು, ನಿಂತಿತು.

ಶರಭ ಜೇಬು ಬಿಟ್ಟ. ಎರಡೂ ಕೈ ಎತ್ತಿದ.

ಸೆಲ್ಲುಗಳು ಕಿಣಿಕಿಣಿ ಎಂದವು. ಜಗಲಿಯಿಡೀ ಕೇಳುವ ಹಾಗೆ.

ಗುರುಗಳ ಕೆನ್ನೆಗೆ ಬೆಳಕು ಇಳಿಯಿತು. ಸದ್ದಿಗೆ ಅವರು ತುಟಿಯಂಚಿನಲ್ಲಿ ನಕ್ಕರು. ಮೈಲಾರಿ ಅದೇ ಗಳಿಗೆಗೆ ಒತ್ತಿಬಿಟ್ಟ.

ಆಮೇಲೆ ಶರಭ ಪಂಚೆ ಮಡಚಲಿಲ್ಲ. ಜೇಬಿನಿಂದ ನಾಲ್ಕೂ ಸೆಲ್ಲು ತೆಗೆದು ಮೈಲಾರಿಯ ಅಂಗೈಯಲ್ಲಿಟ್ಟ. ಮೈಲಾರಿ ಸೆಲ್ಲು ನೋಡಿದ, ಅವನ ಮುಖ ನೋಡಿದ.

"ಅಂತೂ ಕಾಯಿಸಿಬಿಟ್ಟೆಯಲ್ಲ ಅಣ್ಣ," ಎಂದು ಹೇಳಿ, ಸೆಲ್ಲುಗಳನ್ನು ಫ್ಲ್ಯಾಷಿಗೆ ಹಾಕದೆ ಚೀಲಕ್ಕೆ ಹಾಕಿಕೊಂಡ.

ವಾರದ ಮೇಲೆ ಫೋಟೋ ಕಟ್ಟು ಹಾಕಿಸಿಕೊಂಡು ಬಂತು. ಕೆಳಗೆ ಮೈಲಾರಿಯ ಹೆಸರು. ಮೊಳೆ ಹೊಡೆಯಲು ಸ್ಟೂಲು ಹತ್ತಿದವನು ಶರಭ. ಹೆಸರು ಕಂಡಾಗ ಇನ್ನೂ ಸ್ವಲ್ಪ ಚುರುಕ್ಕೆಂದಿತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಪಕ್ಕದಲ್ಲೇ ಹಳೆಯ ಫೋಟೋ. ಅಷ್ಟು ಎತ್ತರಕ್ಕೆ ಏರಿ ಅದನ್ನು ಅವನು ಎಂದೂ ನೋಡಿರಲಿಲ್ಲ. ಈಗ ಕಂಡಿತು. ಹಾಲಪ್ಪ ತೆಗೆದ ಆ ಫೋಟೋದ ಅಂಚಿನಲ್ಲಿ, ಕಟ್ಟಿನ ಒಳಗೆ ಅರ್ಧ ಮುಚ್ಚಿಹೋದ ಹಾಗೆ, ಬಿಳಿ ಬಟ್ಟೆಯ ಒಂದು ಚೂರು. ಬಟ್ಟೆಯ ಮೇಲೆ ಒಂದು ಹೆಬ್ಬೆರಳು.

ಸೊಟ್ಟ ಹೆಬ್ಬೆರಳು.

ಶರಭ ಸ್ಟೂಲಿನಿಂದ ಇಳಿದ. ಗುರುಗಳು ಬಾಗಿಲ ಬಳಿ ಕೂತು ಪಂಚೆ ಮಡಚುತ್ತಿದ್ದರು. ಅವನು ಎದುರಿಗೆ ಕೂತು, ಆ ಕಡೆಯ ತುದಿ ಹಿಡಿದುಕೊಂಡ.

"ಗುರುಗಳೇ, ಅವತ್ತು ಕೇಳಿದ್ದೆ, ನೀವು ಹೇಳಲೇ ಇಲ್ಲ. ನನಗೆ ಫ್ಲ್ಯಾಷ್ ಬೇಕೋ ಬೇಡವೋ?"

ಗುರುಗಳು ತುದಿಗೆ ತುದಿ ಕೂಡಿಸಿದರು.

"ಒಂದು ಕೈಯಲ್ಲಿ ಜೇಬು ಹಿಡಿದುಕೊಂಡಿರೋವರೆಗೂ ಬೇಕಾಗುತ್ತೆ."