ಕೊಟ್ರಮ್ಮ ಏಳುವವರೆಗೆ

ಕೊಟ್ಟೂರು ಕಡೆಯ ಒಂದು ವೃದ್ಧಾಶ್ರಮ. ಅಧ್ಯಕ್ಷ ವಿರೂಪಾಕ್ಷಪ್ಪನವರಿಗೆ ಹಿರಿಯರ ಆರೋಗ್ಯದ ಬಗ್ಗೆ ಬಹಳ ಕಾಳಜಿ. ಆದ್ದರಿಂದ ಅಡುಗೆಗೆ ಉಪ್ಪು, ಖಾರ, ಒಗ್ಗರಣೆ ಎಲ್ಲವನ್ನೂ ನಿಲ್ಲಿಸಿದರು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಮೂರು ಹೊತ್ತೂ ಸಪ್ಪೆ ಗಂಜಿ. ಕೆಲವರು ಊಟಕ್ಕೆ ಬರುವುದನ್ನೇ ಬಿಟ್ಟು ಕೋಣೆಯಲ್ಲಿ ಮಲಗತೊಡಗಿದರು.

ಅಲ್ಲಿ ಎಲ್ಲರಿಗಿಂತ ಹಿರಿಯರಾದ ಕೊಟ್ರಮ್ಮ ದೂರು ಹೇಳಲಿಲ್ಲ. "ಒಂದು ದಿನ ನಮ್ಮ ಪಂಕ್ತಿಯಾಗ ಉಣ್ಣಬೇಕಪ್ಪ," ಎಂದು ಅಧ್ಯಕ್ಷರನ್ನು ಕರೆದರು. ಅಧ್ಯಕ್ಷರು ಫೋಟೊದವನೊಂದಿಗೆ ಬಂದರು.

ಪಂಕ್ತಿಯಲ್ಲಿ ಹಿರಿಯರು ಏಳುವವರೆಗೆ ಬೇರೆ ಯಾರೂ ಏಳುವಂತಿಲ್ಲ. ಅಧ್ಯಕ್ಷರು ತಮ್ಮ ಭಾಷಣಗಳಲ್ಲಿ ಹೊಗಳುವ ಸಂಪ್ರದಾಯವೇ ಅದು. ಫೋಟೊ ಮುಗಿಯಿತು. ಕೊಟ್ರಮ್ಮ ತಮ್ಮ ಮದುವೆಯ ಊಟದ ಕಥೆ ಶುರುಮಾಡಿದರು. ಕಥೆ ಹೋಳಿಗೆಗೆ ಬರುವಷ್ಟರಲ್ಲಿ ಅಧ್ಯಕ್ಷರ ತಟ್ಟೆ ಬರಿದಾಗಿತ್ತು.

"ಸಾಹೇಬರಿಗೆ ಇನ್ನಷ್ಟು ಗಂಜಿ ಬಡಿಸ್ರವ್ವ," ಎಂದರು ಕೊಟ್ರಮ್ಮ.

ಮೂರನೆಯ ಸಲ ಬಡಿಸಿದಾಗ ಅಧ್ಯಕ್ಷರು ಮೆಲ್ಲಗೆ ಕೇಳಿದರು: "ಅಮ್ಮಾ, ಏಳೋಣೇನು?"

"ನಾಲಿಗಿಗೆ ರುಚಿ ಹತ್ತದೆ ಹೊಟ್ಟಿ ಸಾಕು ಅನ್ನಂಗಿಲ್ಲಪ್ಪ. ನೀ ನಿಧಾನ ಉಣ್ಣು. ಇನ್ನೂ ಚಿತ್ರಾನ್ನದ ಕಥಿ ಐತಿ."

ಅಧ್ಯಕ್ಷರು ಅಡುಗೆಮನೆಯ ಕಡೆ ತಿರುಗಿ, "ಆ ಒಗ್ಗರಣೆ ಸೌಟು ಎಲ್ಲಿಟ್ಟೀರಿ?" ಎಂದರು.

ಸಾಸಿವೆ ಸಿಡಿದ ಸದ್ದಿಗೆ ಕೋಣೆಯಲ್ಲಿ ಮಲಗಿದ್ದವರೂ ಎದ್ದು ಬಂದು ಸಾಲಿನಲ್ಲಿ ಕುಳಿತರು. ಸಪ್ಪೆಯ ಆಜ್ಞೆ ಅಲ್ಲಿಗೇ ಮುಗಿಯಿತು. ಕೊಟ್ರಮ್ಮ ಎರಡು ಸಲ ಹಾಕಿಸಿಕೊಂಡು ತೃಪ್ತಿಯಾಗಿ ಉಂಡು, ಕೈ ತೊಳೆಯಲು ಎದ್ದರು.

ಅಧ್ಯಕ್ಷರು ಮಾತ್ರ ಏಳಲಿಲ್ಲ. ಅವರಿಗೆ ಇನ್ನೊಂದು ಸೌಟು ಬೇಕಿತ್ತು.